ಬಸ್ಸಿಳಿದು ಬೆಟ್ಟಕ್ಕೆ: ಅಕ್ಕನ ಜೊತೆ ನಾಲ್ಕು ದಿನ

ನಮ್ಮಕ್ಕ ಪ್ರಾಥಮಿಕ ಶಾಲೆಯ ಟೀಚರ್. 34 ವರ್ಷ ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲೇ ಓಡಾಡಿದಳು. ಬೆಳಿಗ್ಗೆ ಹೋಗುವಾಗ ಎಡಗಡೆ ಕಿಟಕಿಯಲ್ಲಿ, ಸಂಜೆ ಬರುವಾಗ ಬಲಗಡೆ ಕಿಟಕಿಯಲ್ಲಿ ಕರಿಘಟ್ಟ ಕಾಣುತ್ತಿತ್ತು. ನಿವೃತ್ತಿಯಾದ ಮೇಲೆ ಒಂದು ದಿನ ಫೋನಿನಲ್ಲಿ, "ಅದನ್ನ ಒಂದ್ಸಲಾನೂ ಹತ್ತಲಿಲ್ಲ ಕಣೆ" ಅಂದಳು. ಆ ಮಾತು ನನ್ನನ್ನು ಬಿಡಲಿಲ್ಲ. ನಾನು ಮೈಸೂರಿನಲ್ಲಿದ್ದು ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ಮೇಲೆ ಹತ್ತಿ ಇಪ್ಪತ್ತು ವರ್ಷವಾಗಿತ್ತು.

ಡಿಸೆಂಬರ್ ಮೊದಲ ವಾರ ಅವಳು ಗುರುವಾರಕ್ಕೆ ಮುಂಚಿನ ರಾತ್ರಿಯೇ ನಮ್ಮ ಮನೆಗೆ ಬಂದಳು. ನಾಲ್ಕು ದಿನ, ನಾಲ್ಕು ಬೆಟ್ಟ. ಮಗ ಕಾರಿನಲ್ಲಿ ಬಿಡುತ್ತೇನೆ ಅಂದ. ಬೇಡ ಅಂದೆವು. ಅವನ ರಜೆ ನೋಡಿಕೊಂಡು ಹೊರಡುವುದಾದರೆ ಈ ವರ್ಷವೂ ಹೋದ ಹಾಗೇ.

ಗುರುವಾರ: ಚಾಮುಂಡಿ ಬೆಟ್ಟ

ಆರು ಗಂಟೆಗೆ ನಗರ ಬಸ್ ನಿಲ್ದಾಣದಲ್ಲಿದ್ದೆವು. ಬೆಟ್ಟದ ಮೇಲಕ್ಕೇ ಹೋಗುವ 201 ನಂಬರಿನ ಬಸ್ಸು ಮೈಸೂರಿನವರಿಗೆಲ್ಲ ಗೊತ್ತು. ನಮಗೆ ಬೇಕಾಗಿದ್ದು ಬೆಟ್ಟದ ಪಾದ. ವಿಚಾರಣೆ ಕಿಟಕಿಯಲ್ಲಿ "ಮೆಟ್ಟಿಲು ಹತ್ತೋರು ಎಲ್ಲಿ ಇಳೀಬೇಕು?" ಅಂತ ಕೇಳಿ, ಅವರು ಹೇಳಿದ ಬಸ್ಸು ಹತ್ತಿ, ಇಳಿದ ಕಡೆಯಿಂದ ಸ್ವಲ್ಪ ದೂರ ನಡೆದೆವು. ಚಳಿಗೆ ಆ ನಡಿಗೆಯೇ ಮೈ ಬೆಚ್ಚಗೆ ಮಾಡಿತು.

ಮೊದಲ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ಹತ್ತುವುದಿಲ್ಲ. ನಮ್ಮ ಮುಂದೆ ಇಬ್ಬರು ಹೆಣ್ಣುಮಕ್ಕಳು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಬಗ್ಗಿ ಏಳುತ್ತಿದ್ದರು. ಹರಕೆ ಇರಬೇಕು. ಅವರನ್ನು ದಾಟಿ ಹೋಗಲು ಅಕ್ಕನಿಗೆ ಮನಸ್ಸಾಗಲಿಲ್ಲ, ಸ್ವಲ್ಪ ಹೊತ್ತು ಹಿಂದೆಯೇ ನಿಂತಳು. ಆಮೇಲೆ ಅವರೇ, "ಹೋಗಿ ಅಮ್ಮ, ನಮ್ದು ಮಧ್ಯಾಹ್ನ ಆಯ್ತದೆ" ಅಂದರು.

ಮೆಟ್ಟಿಲು ಸಾವಿರದ ಲೆಕ್ಕ. ಕಲ್ಲುಗಳು ಒಂದರ ಹಾಗೆ ಒಂದಿಲ್ಲ: ಒಂದು ಗೇಣುದ್ದ, ಇನ್ನೊಂದು ಮೊಣಕಾಲೆತ್ತರ. ಶುರುವಿನಲ್ಲೇ ಕಡಿದಾಗಿರುವುದರಿಂದ ನೂರು ಮೆಟ್ಟಿಲಿಗೇ ಏದುಸಿರು ಬರುತ್ತದೆ. ಅಲ್ಲಿ ಹೆದರಿ ವಾಪಸ್ ಹೋಗಬೇಡಿ. ಐವತ್ತಕ್ಕೊಂದು ಸಲ ಕೂತುಕೊಂಡು ಹತ್ತಿದರೆ ಅರವತ್ತು ದಾಟಿದವರಿಗೂ ನಂದಿಯವರೆಗೆ ಒಂದು ಗಂಟೆ ಸಾಕು. ಈ ಬೆಟ್ಟದ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅದನ್ನು ಹೇಳಿದಾಗ ಅಕ್ಕ ಕೂತಿದ್ದ ಕಲ್ಲನ್ನು ಅಂಗೈಯಿಂದ ಸವರಿದಳು.

ಏಳುನೂರನೇ ಮೆಟ್ಟಿಲ ಹತ್ತಿರ ನಂದಿ. ಇದ್ದ ಬಂಡೆಯಲ್ಲೇ ಕಡೆದ ಒಂದೇ ಕಲ್ಲಿನ ಬಸವ, ಎತ್ತರ ಸುಮಾರು 16 ಅಡಿ. 1659ರಿಂದ 1673ರವರೆಗೆ ಆಳಿದ ದೊಡ್ಡದೇವರಾಜ ಒಡೆಯರ ಕಾಲದ್ದು, ಮೆಟ್ಟಿಲು ಕಟ್ಟಿಸಿದವರೂ ಅವರೇ. ಕಾರಿನಲ್ಲಿ ಬರುವವರಿಗೆ ನಂದಿ ಒಂದು ಫೋಟೋ ತೆಗೆಸಿಕೊಳ್ಳುವ ಜಾಗ. ಕೆಳಗಿನಿಂದ ಬೆವರು ಸುರಿಸಿಕೊಂಡು ಬಂದವರಿಗೆ ಅವನು ದಾರಿಯಲ್ಲಿ ಸಿಕ್ಕ ಹಿರಿಯ. ಕೊರಳ ಗಂಟೆಯ ಸರವನ್ನು ನೋಡುತ್ತಾ ಹದಿನೈದು ನಿಮಿಷ ಕೂತೆವು. ಅಲ್ಲಿಂದ ಮೇಲೆ ಮರದ ನೆರಳಿದೆ, ಹತ್ತುವುದು ಹಗುರ. ತಿರುಗಿ ನೋಡಿದರೆ ಅರಮನೆ, ರೇಸ್ ಕೋರ್ಸ್, ಕಾರಂಜಿ ಕೆರೆ, ಬಿಳಿಯ ಲಲಿತ ಮಹಲ್ ಎಲ್ಲ ಮಂಜಿನೊಳಗಿಂದ ಒಂದೊಂದಾಗಿ ಕಾಣಿಸಿಕೊಂಡವು.

ದೇವಿಯ ದರ್ಶನದ ಸಾಲು ಉದ್ದವಿತ್ತು, ಆದರೂ ನಿಂತೆವು. ಆಮೇಲೆ ಹಿಂಬದಿಯ ಮಹಾಬಲೇಶ್ವರನ ಗುಡಿಗೆ ಹೋದೆವು. ಚಾಮುಂಡೇಶ್ವರಿಯ ಗುಡಿಗಿಂತ ಹಳೆಯದು ಇದು, ಆದರೆ ಇಲ್ಲಿ ಜನವೇ ಇರಲಿಲ್ಲ. ಮೈಸೂರಿನವರೇ ಎಷ್ಟೋ ಜನ ಇದನ್ನು ನೋಡದೆ ಇಳಿದುಬಿಡುತ್ತಾರಲ್ಲ ಎಂದು ನನಗೆ ಸಂಕಟವಾಯಿತು.

ಅಕ್ಕನ ಮಂಡಿಗೆ ಹತ್ತುವುದು ಕಷ್ಟವಿಲ್ಲ, ಇಳಿಯುವಾಗಲೇ ನೋವು. ಕೆಳಗೆ ಗಾಡಿ ನಿಲ್ಲಿಸಿ ಬಂದಿದ್ದರೆ ಅಷ್ಟೂ ಮೆಟ್ಟಿಲನ್ನು ಅವಳು ಇಳಿಯಲೇಬೇಕಿತ್ತು. ನಮಗೆ ಅಂಥ ಹಂಗಿರಲಿಲ್ಲ. 201 ಬಂತು, ಕೂತೆವು, ತಿರುವುಗಳಲ್ಲಿ ಊರು ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಕಾಣುತ್ತಾ ಹತ್ತೂವರೆಗೆ ಪೇಟೆಗೆ ಬಂದು ದೋಸೆ ತಿಂದೆವು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆ ಬಸ್ಸು ಹಿಡಿಯುವ ಈ ಸ್ವಾತಂತ್ರ್ಯ ಸ್ವಂತ ಗಾಡಿಯವರಿಗಿಲ್ಲ. ಮಂಡಿ ನೋವಿನವರು ಇದನ್ನು ಯೋಚಿಸಿ ನೋಡಬೇಕು.

ಕತ್ತಲಿರುವಾಗ ಮಾತ್ರ ಮೆಟ್ಟಿಲು ಹತ್ತಬೇಡಿ. ಸುತ್ತ ಮೀಸಲು ಅರಣ್ಯ, ಚಿರತೆ ಓಡಾಡುವ ಜಾಗ.

ಶುಕ್ರವಾರ: ಕುಂತಿ ಬೆಟ್ಟ

ಗ್ರಾಮಾಂತರ ನಿಲ್ದಾಣದಿಂದ ಪಾಂಡವಪುರದ ಬಸ್ಸು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಶೂನ್ಯ ದರದ ಚೀಟಿ ಇಸ್ಕೊಂಡೆವು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದದ್ದು. ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು, ನಗರ ಸಾರಿಗೆ, ವೇಗದೂತ ಎಲ್ಲದರಲ್ಲೂ ನಡೆಯುತ್ತದೆ, ಎಸಿ ಬಸ್ಸು ರಾಜಹಂಸಕ್ಕೆ ಇಲ್ಲ. ಹಿಂದಿನ ಸೀಟಿನಲ್ಲಿದ್ದವರೊಬ್ಬರು ನಮ್ಮ ಕ್ಯಾನ್ವಾಸ್ ಶೂ, ನೀರಿನ ಬಾಟಲಿ ನೋಡಿ, "ಫ್ರೀ ಅಂತ ಸುತ್ತೋಕೆ ಹೊರಟುಬುಡ್ತಾರೆ" ಅಂದರು. ನನಗೆ ಮುಖ ಕೆಂಪಾಯಿತು. ಅಕ್ಕ ತಿರುಗಿ ಮೆಲ್ಲಗೆ, "34 ವರ್ಷ ದುಡ್ಡು ಕೊಟ್ಟು ಇದೇ ರೋಡಲ್ಲಿ ಓಡಾಡಿದೀನಿ ಕಣಪ್ಪ. ಆಗ ಬರೀ ಕೆಲಸಕ್ಕೆ ಹೋದೆ. ಈಗ ಬೆಟ್ಟ ನೋಡೋಕೆ ಹೋಯ್ತಾ ಇದೀನಿ" ಅಂದಳು. ಅವರು ಸುಮ್ಮನಾದರು. ಇಳಿಯುವಾಗ ನಮ್ಮ ಚೀಲ ಎತ್ತಿಕೊಟ್ಟವರೂ ಅವರೇ.

ಶ್ರೀರಂಗಪಟ್ಟಣ ದಾಟಿ ಹೊಳೆ ಸೇತುವೆಯ ಮೇಲೆ ಬಂದಾಗ ಕರಿಘಟ್ಟ ಕಂಡಿತು. ಅಕ್ಕ ಸೊಂಟ ತಿರುಗಿಸಿ ನೋಡಿದಳು. "ಇವತ್ತಲ್ಲ" ಅಂದೆ. "ಗೊತ್ತು. ಭಾನುವಾರ" ಅಂದಳು.

ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ನಾಲೆ, ಗದ್ದೆ, ಕಬ್ಬು. ಭತ್ತದ ಕೊಯ್ಲು ನಡೆಯುತ್ತಿತ್ತು, ರಸ್ತೆಯ ಒಂದು ಬದಿಗೆ ಹುಲ್ಲು ಹರವಿದ್ದರು. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂದು ಹೆಸರು. ಹೈದರ್, ಟಿಪ್ಪು ಸೈನ್ಯದಲ್ಲಿದ್ದ ಫ್ರೆಂಚರು ಇಲ್ಲಿನ ಬಂಡೆಗಳ ಬುಡದಲ್ಲಿ ಬೀಡು ಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಬಂತು. ಪಾಂಡವರು ವನವಾಸದಲ್ಲಿ ತಾಯಿಯ ಜೊತೆ ಇಲ್ಲಿದ್ದರೆಂಬುದು ಊರಿನ ನಂಬಿಕೆ, ಈಗಿನ ಹೆಸರು ಬಂದದ್ದು ಅದರಿಂದ. ಸೈನಿಕರ ಹೆಸರು ಹೋಗಿ ಒಬ್ಬ ತಾಯಿಯ ಹೆಸರು ಬೆಟ್ಟದ ಮೇಲೆ ಉಳಿದದ್ದು ನನಗೆ ಇಷ್ಟ.

ಊರಿನ ಬಸ್ ನಿಲ್ದಾಣದಿಂದ ಬೆಟ್ಟದ ಬುಡಕ್ಕೆ ಸುಮಾರು ಮೂರು ಕಿಲೋಮೀಟರ್. ನಡೆದೇ ಹೋದೆವು, ಆಟೋ ಕೂಡ ಸಿಗುತ್ತದೆ. ಕೊಳದ ಹತ್ತಿರ ಮುಖ ತೊಳೆದುಕೊಂಡು ಗುಡಿಯವರೆಗೆ ಹತ್ತುವುದು ನಿಜವಾಗಿಯೂ ಸುಲಭ. ಅದರಾಚೆಗೆ ದಾರಿ ಬಂಡೆಗಳ ಸಂದಿಗೆ ಹೊಕ್ಕುತ್ತದೆ. ಅಲ್ಲಲ್ಲಿ ಕಲ್ಲಿನ ಮೇಲೆ ಬಳಿದ ಗುರುತು ನೋಡಿಕೊಂಡು ಹೋಗಬೇಕು. ಮಾತಾಡುತ್ತಾ ಒಂದು ಗುರುತು ತಪ್ಪಿಸಿಕೊಂಡು, ಮುಳ್ಳುಪೊದೆಯೊಳಗೆ ಸಿಕ್ಕಿಕೊಂಡು, ಅರ್ಧ ಗಂಟೆ ಹಾಳು ಮಾಡಿದೆವು. ನನ್ನ ತೋಳೆಲ್ಲ ಗೀರು. ಆಡು ಮೇಯಿಸುತ್ತಿದ್ದ ಹುಡುಗನೊಬ್ಬ ಮೇಲಿಂದ, "ಅಕ್ಕೋ, ಈ ಕಡೆ ಬನ್ನಿ! ಅಲ್ಲಿ ದಾರಿ ಇಲ್ಲ!" ಅಂತ ಕೂಗಿ ಸರಿದಾರಿಗೆ ತಂದ.

ತುದಿಗೆ ಸ್ವಲ್ಪ ಮುಂಚೆ ಬೋಳು ಬಂಡೆಯ ಇಳಿಜಾರಿದೆ, ಹಿಡಿಯಲು ಏನೂ ಇಲ್ಲ. ಬಿಸಿಲು ಏರಿ ಕಲ್ಲು ಕಾದಿತ್ತು. ಅಕ್ಕ ನಿಂತು ನೋಡಿ, "ಹತ್ತಬೋದು, ಆದ್ರೆ ಇಳಿಯೋಕಾಗಲ್ಲ. ಇಲ್ಲೇ ಕೂರೋಣ" ಅಂದಳು. ಅಲ್ಲಿಗೇ ನಿಲ್ಲಿಸಿದೆವು. ತುದಿ ಮುಟ್ಟಲಿಲ್ಲ ಎಂಬ ಕೊರಗು ನನಗಿಲ್ಲ. ಕೆಳಗೆ ಕಬ್ಬಿನ ಗದ್ದೆಗಳ ಹಸಿರು, ನಾಲೆಯ ಗೆರೆ, ದೂರದಲ್ಲಿ ಮೇಲುಕೋಟೆಯ ಸಾಲು, ಇಷ್ಟನ್ನೂ ಆ ಬಂಡೆಯ ನೆರಳಿನಲ್ಲೇ ಕೂತು ನೋಡಿದೆವು. ಕುಂತಿ ಬೆಟ್ಟ ಸುಲಭ ಎಂದು ಹೇಳುವವರು ಮುಕ್ಕಾಲು ಭಾಗದ ಮಾತು ಹೇಳುತ್ತಿದ್ದಾರೆ. ಕೊನೆಯ ಕಾಲು ಭಾಗ ಹರೆಯದವರಿಗೆ, ಅದೂ ಒಣಗಿದ ಬಂಡೆಯಿದ್ದಾಗ. ಒಂಬತ್ತು ಗಂಟೆಯೊಳಗೆ ಮೇಲಿರುವ ಹಾಗೆ ಹೊರಡಿ, ತಲಾ ಎರಡು ಲೀಟರ್ ನೀರಿರಲಿ. ಮೇಲೆ ಅಂಗಡಿಯಿಲ್ಲ.

ವಾಪಸ್ ನಡೆಯುವಾಗ ದಾರಿ ಬದಿಯ ಆಲೆಮನೆಯಿಂದ ಬೆಲ್ಲದ ಘಮ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿ ನೊರೆ ಬರುತ್ತಿತ್ತು. ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತಿದ್ದರು, ಇನ್ನೊಬ್ಬರು ನೊರೆ ತೆಗೆಯುತ್ತಿದ್ದರು. ಕೇಳುವ ಮೊದಲೇ ಲೋಟದಲ್ಲಿ ಕಬ್ಬಿನ ಹಾಲು, ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು. ದುಡ್ಡು ಕೊಡಲು ಹೋದರೆ, "ಆಲೆಮನೇಲಿ ತಿಂದಿದ್ದಕ್ಕೆ ಯಾರಾದ್ರೂ ಕಾಸು ಇಸ್ಕತಾರಾ ತಾಯಿ?" ಅಂದರು. ಎರಡು ಕೆಜಿ ಅಚ್ಚು ಬೆಲ್ಲ ಕೊಂಡೆವು. ಕಾರಿನಲ್ಲಿ ಕಿಟಕಿ ಏರಿಸಿಕೊಂಡು ಬಂದಿದ್ದರೆ ಆ ಘಮ ನಮ್ಮ ಮೂಗಿಗೇ ಬೀಳುತ್ತಿರಲಿಲ್ಲ.

ಶನಿವಾರ: ಮೇಲುಕೋಟೆ

ಮೈಸೂರಿನಿಂದ ಮೇಲುಕೋಟೆಗೆ ಸುಮಾರು 50 ಕಿಲೋಮೀಟರ್. ನೇರ ಬಸ್ಸು ಕಡಿಮೆ. ಅದು ಸಿಗದಿದ್ದರೆ ಪಾಂಡವಪುರದಲ್ಲೋ ಜಕ್ಕನಹಳ್ಳಿಯಲ್ಲೋ ಇಳಿದು ಬದಲಾಯಿಸಬೇಕು. ನಮಗೆ ನೇರ ಬಸ್ಸೇ ಸಿಕ್ಕಿತು, ನಿಂತುಕೊಂಡು ಅರ್ಧ ದಾರಿ.

ಜಕ್ಕನಹಳ್ಳಿ ಬಿಟ್ಟ ಮೇಲೆ ಬಸ್ಸು ಗೇರ್ ಬದಲಿಸಿ ಏರತೊಡಗುತ್ತದೆ. ಎರಡೂ ಕಡೆ ಕುರುಚಲು ಕಾಡು. ಸುಮಾರು 50 ಚದರ ಕಿಲೋಮೀಟರಿನ ಈ ವನ್ಯಧಾಮ ತೋಳಗಳಿಗೆ ಹೆಸರಾದದ್ದು. "ತೋಳ ಬಂತು ತೋಳ ಅಂತ ಎಷ್ಟು ಮಕ್ಕಳಿಗೆ ಪಾಠ ಮಾಡಿದೀನೋ. ಕಣ್ಣಲ್ಲಿ ಮಾತ್ರ ನೋಡಿಲ್ಲ" ಎಂದು ಅಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ನವಿಲು ಕಂಡಿತು, ತೋಳ ಕಾಣಲಿಲ್ಲ.

ಕಲ್ಯಾಣಿಯ ಮೆಟ್ಟಿಲಲ್ಲಿ ಕೂತು ಮನೆಯಿಂದ ತಂದಿದ್ದ ಚಪಾತಿ ಮುಗಿಸಿ ಯೋಗಾನರಸಿಂಹನ ಬೆಟ್ಟಕ್ಕೆ ಹೊರಟೆವು. ಅಗಲವಾದ ಕಲ್ಲಿನ ಮೆಟ್ಟಿಲು, ನಡುವೆ ದ್ವಾರಗಳ ನೆರಳು. ಈ ನಾಲ್ಕರಲ್ಲಿ ಮೊದಲ ಸಲ ಬೆಟ್ಟ ಹತ್ತುವವರಿಗೆ ನಾನು ಹೇಳುವುದು ಇದನ್ನೇ. ಚಾಮುಂಡಿಯ ಅರ್ಧದಷ್ಟೂ ಮೆಟ್ಟಿಲಿಲ್ಲ, ಪ್ರತಿ ತಿರುವಿನಲ್ಲೂ ನಿಂತು ನೋಡಲು ಏನಾದರೂ ಇದೆ. ಕೋತಿಗಳಿವೆ. ಬಾಳೆಹಣ್ಣು, ತೆಂಗಿನಕಾಯಿ ಚೀಲದೊಳಗಿರಲಿ, ಕೈಯಲ್ಲಿ ಬೇಡ.

ಪ್ರಹ್ಲಾದನೇ ಪ್ರತಿಷ್ಠಾಪಿಸಿದ್ದು ಎನ್ನುವ ಸ್ವಾಮಿಯ ದರ್ಶನ ಮಾಡಿ ಹೊರಗೆ ಗೋಡೆಯಂಚಿಗೆ ಬಂದರೆ ಊರಿಡೀ ಕಾಲಡಿ. ಕಲ್ಯಾಣಿ ಚೌಕಾಕಾರದ ಕನ್ನಡಿಯ ಹಾಗಿತ್ತು. ನೂರೆಂಟು ಕೊಳಗಳ ಊರು ಎಂಬ ಮಾತಿದೆ. ಇಷ್ಟು ಎತ್ತರದ ಒಣ ಕಲ್ಲಿನ ಊರಿನಲ್ಲಿ ಬಿದ್ದ ಮಳೆಯನ್ನು ಹಿಡಿದಿಡದಿದ್ದರೆ ಬದುಕಿಲ್ಲ ಎಂದು ಹಿಂದಿನವರಿಗೆ ಗೊತ್ತಿತ್ತು. ಅಷ್ಟು ಕೊಳ ಕಟ್ಟಿದ್ದು ಅದಕ್ಕೇ ಎಂದು ಮೇಲಿಂದ ನೋಡಿದರೆ ತಾನಾಗಿ ಅರ್ಥವಾಗುತ್ತದೆ.

ರಾಮಾನುಜಾಚಾರ್ಯರು ಹನ್ನೆರಡನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದು, ಹೊಯ್ಸಳ ವಿಷ್ಣುವರ್ಧನನ ಆಶ್ರಯದಲ್ಲಿ ಸುಮಾರು 12 ವರ್ಷ ಇಲ್ಲಿದ್ದರು. ಊರ ಹೊರಗಿಟ್ಟಿದ್ದ ಜನರನ್ನು ತಿರುಕುಲದವರು ಎಂದು ಕರೆದು ಗುಡಿಯೊಳಗೆ ಬಿಟ್ಟುಕೊಂಡ ಊರು ಇದು ಎಂಬುದನ್ನು ಅಕ್ಕ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದಳಂತೆ. ಚೆಲುವನಾರಾಯಣನ ಗುಡಿಯಲ್ಲಿ ಅವಳು ಬಹಳ ಹೊತ್ತು ನಿಂತಳು. ಈಚೆ ಬಂದ ಮೇಲೆ ವೈರಮುಡಿಯ ಮಾತು ಬಂತು. ಆ ವಜ್ರದ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ, ಹಳ್ಳಿ ಹಳ್ಳಿಯಲ್ಲಿ ಪೂಜೆ ಮಾಡಿಸಿಕೊಂಡು ಇಲ್ಲಿಗೆ ಬರುತ್ತದೆ. "ನಮ್ಮೂರಿಂದ ಕಿರೀಟ ಬಂದಿದ್ದ ದಾರೀಲೇ ನಾನೂ ಬಂದೆ" ಎಂದು ಹೇಳುವಾಗ ಅಕ್ಕನ ಮುಖದಲ್ಲಿ ಹೆಮ್ಮೆಯಿತ್ತು.

ಮಧ್ಯಾಹ್ನ ಪುಳಿಯೋಗರೆ, ಸಕ್ಕರೆ ಪೊಂಗಲ್. ಮೇಲುಕೋಟೆಯ ಪುಳಿಯೋಗರೆ ತಿಂದ ಮೇಲೆ ಮನೆಯಲ್ಲಿ ಮಾಡಿದ್ದನ್ನು ಆ ಹೆಸರಿನಿಂದ ಕರೆಯಲು ಮನಸ್ಸು ಬರುವುದಿಲ್ಲ.

ಬಿಸಿಲು ಇಳಿದ ಮೇಲೆ ರಾಯಗೋಪುರದ ಕಡೆ ನಡೆದೆವು. ಒಂದೇ ರಾತ್ರಿಯಲ್ಲಿ ಕಟ್ಟಲು ಹೊರಟು ಬೆಳಗಾದದ್ದಕ್ಕೆ ನಿಲ್ಲಿಸಿದರು ಎಂದು ಕಥೆ. ನಾಲ್ಕು ಎತ್ತರದ ಕಂಬಗಳು, ಮೇಲೆ ಬರೀ ಆಕಾಶ. ಅಲ್ಲೇ ಸಮೀಪದಲ್ಲಿ ಅಕ್ಕ ತಂಗಿ ಕೊಳ. ಪಕ್ಕಪಕ್ಕದಲ್ಲಿ ಎರಡು ಕೊಳ, ನಡುವೆ ಕಲ್ಲಿನ ಕಟ್ಟೆ. ಒಡಹುಟ್ಟಿದ ಇಬ್ಬರು ಕಟ್ಟಿಸಿದ್ದಂತೆ. ಒಂದರ ನೀರು ಕುಡಿಯಲು, ಇನ್ನೊಂದರದು ಮಿಕ್ಕ ಬಳಕೆಗೆ ಎಂದು ಹೇಳುತ್ತಾರೆ. ಕಟ್ಟೆಯ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ಅಮ್ಮ ಹೋದ ಮೇಲೆ ನಾವಿಬ್ಬರೇ, ಮನೆಯ ಗಲಾಟೆಯಿಲ್ಲದೆ, ಹೀಗೆ ಕೂತದ್ದು ಇದೇ ಮೊದಲು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಸೇದುಬಾವಿಗೆ ಹೋಗುತ್ತಿದ್ದ ಮಾತು ತೆಗೆದಳು. ಬಾವಿಯ ಹಗ್ಗ ಅವಳ ಕೈ ಕುಯ್ದ ಗುರುತು ಇನ್ನೂ ಇದೆ. ನನಗದು ಗೊತ್ತೇ ಇರಲಿಲ್ಲ. ಅಂಗೈ ತೆರೆದು ತೋರಿಸಿದಳು.

ಅಲ್ಲೇ ಹೊತ್ತಾಗಿ ಮೈಸೂರಿನ ನೇರ ಬಸ್ಸು ತಪ್ಪಿತು. ಪಾಂಡವಪುರದ ಬಸ್ಸು ಹಿಡಿದು, ಅಲ್ಲಿ ಬದಲಾಯಿಸಿ, ಮನೆ ಸೇರುವಾಗ ಎಂಟೂವರೆ. ನೀವು ಹೋದರೆ ಬಸ್ಸಿಳಿಯುವಾಗಲೇ ಕಂಡಕ್ಟರನ್ನು "ವಾಪಸ್ ಕೊನೇ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿಟ್ಟುಕೊಳ್ಳಿ. ನಾವು ಕೇಳಿರಲಿಲ್ಲ.

ಭಾನುವಾರ: ಕರಿಘಟ್ಟ

ಅಕ್ಕ ಅವತ್ತೇ ಮಂಡ್ಯಕ್ಕೆ ಹೋಗುವವಳು. ಎರಡು ಸೀರೆ, ಬೆಲ್ಲ ಎಲ್ಲ ಒಂದು ಚೀಲಕ್ಕೆ ಹಾಕಿ ನಾನು ಹೆಗಲಿಗೇರಿಸಿಕೊಂಡೆ. ಬೆಂಗಳೂರಿನ ತಡೆರಹಿತ ಬಸ್ಸುಗಳು ಊರೊಳಗೆ ಬರುವುದಿಲ್ಲ. ಹಳೇ ರಸ್ತೆಯಲ್ಲಿ ನಿಲ್ಲಿಸಿಕೊಂಡು ಹೋಗುವ ಮಂಡ್ಯದ ಬಸ್ಸನ್ನು ಕೇಳಿ ಹತ್ತಬೇಕು. ಶ್ರೀರಂಗಪಟ್ಟಣ ದಾಟಿ ಕಿರಂಗೂರಿನ ಹತ್ತಿರ ಇಳಿದೆವು. ಪಟ್ಟಣದ ದಸರಾ ಶುರುವಾಗುವ ಬನ್ನಿಮಂಟಪ ಇಲ್ಲಿಯದೇ.

ಅಲ್ಲಿಂದ ಬೆಟ್ಟದ ಬುಡಕ್ಕೆ ಮುಕ್ಕಾಲು ಗಂಟೆಯ ನಡಿಗೆ. ಗದ್ದೆ ಬದಿಯಲ್ಲಿ ಬೆಳ್ಳಕ್ಕಿ, ಲೋಕಪಾವನಿಯ ಸೇತುವೆ, ಆಮೇಲೆ ಮೆಟ್ಟಿಲು. ಸುಮಾರು 450. ಅಕ್ಕ ಆ ದಾರಿಯುದ್ದಕ್ಕೂ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಬೆಟ್ಟ ಬೇಸಿಗೆಯಲ್ಲಿ ಬೆಂಕಿಗೆ ತುತ್ತಾಗುತ್ತಲೇ ಇರುತ್ತದೆ. ಸ್ವಯಂಸೇವಕರು ವರ್ಷಗಟ್ಟಲೆ ನೀರು ಹೊತ್ತು ಬೆಳೆಸಿದ ಗಿಡಗಳು ಈಗ ಮರವಾಗುತ್ತಿವೆ. ದಯವಿಟ್ಟು ಬೀಡಿ ಸಿಗರೇಟು ಸೇದುವವರು ಇಲ್ಲಿಗೆ ಬೆಂಕಿಪೊಟ್ಟಣ ತರಬೇಡಿ. ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ಮೇಲೆ ವೈಕುಂಠ ಶ್ರೀನಿವಾಸ. ಬೈರಾಗಿ ವೆಂಕಟರಮಣ ಎಂದೂ ಕರೆಯುತ್ತಾರೆ. ಕಪ್ಪು ಕಲ್ಲಿನ ನಿಲುವು ಮೂರ್ತಿ, ದೀಪದ ಬೆಳಕಿನಲ್ಲಿ ಮಾತ್ರ ಮುಖ ಕಾಣುತ್ತದೆ. ಹೊರಗೆ ಬಂದರೆ ಕಾವೇರಿಯ ಕವಲು, ಕೆಳಗೆ ಅದಕ್ಕೆ ಬಂದು ಸೇರುವ ಲೋಕಪಾವನಿ, ಆಚೆಗೆ ಪಟ್ಟಣದ ನಡುಗಡ್ಡೆ. ಹೊಳೆ ಸುತ್ತುವರಿದ ಊರು ಎಂದು ಪುಸ್ತಕದಲ್ಲಿ ಓದಿದ್ದು ಇಲ್ಲಿ ಕಣ್ಣಿಗೆ ಬೀಳುತ್ತದೆ. 1791ರ ಮೇ 15ರಂದು ಕಾರ್ನ್‌ವಾಲಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಈ ಸುತ್ತಿನಲ್ಲೇ ಕಾಳಗವಾಯಿತು. ಈ ಬೆಟ್ಟ ಕೈಯಲ್ಲಿದ್ದವರಿಗೆ ಕೋಟೆಯ ಚಲನವಲನವೆಲ್ಲ ಕಾಣುತ್ತಿತ್ತು ಎಂಬುದಕ್ಕೆ ಇತಿಹಾಸದ ಪಾಠ ಬೇಕಿಲ್ಲ, ಇಲ್ಲಿ ಐದು ನಿಮಿಷ ನಿಂತರೆ ಸಾಕು.

ಅಕ್ಕ ಹುಡುಕುತ್ತಿದ್ದುದು ಬೇರೆ. ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡು ಊರಿನ ಒಂದು ಮೂಲೆ ನೋಡುತ್ತಿದ್ದಳು. "ನಮ್ಮ ಸ್ಕೂಲು ಅಲ್ಲೇ ಇರಬೇಕು. ಆ ತೆಂಗಿನ ತೋಟದ ಹಿಂದೆ" ಅಂದಳು. ಕಟ್ಟಡ ಕಾಣಲಿಲ್ಲ. ಆದರೂ ಆ ತೋಟವನ್ನೇ ನೋಡುತ್ತಾ ನಿಂತಳು.

ಇಳಿಯುವಾಗ ಮೆಟ್ಟಿಲು ಬೇಡವೆಂದು ಗಾಡಿಗಳು ಬರುವ ಡಾಂಬರು ದಾರಿ ಹಿಡಿದೆವು. ದೂರ ಹೆಚ್ಚು, ಆದರೆ ಇಳಿಜಾರು ಮೆತ್ತಗಿರುವುದರಿಂದ ಮಂಡಿಗೆ ಹಿತ. ಸಂಗಮದ ಹತ್ತಿರ ನೀರಿನಲ್ಲಿ ಕಾಲಿಟ್ಟುಕೊಂಡು ಉಳಿದಿದ್ದ ಬೆಲ್ಲದ ಚೂರು, ಹುರಿಗಡಲೆ ತಿಂದೆವು.

ಹೆದ್ದಾರಿಗೆ ಬರುವಾಗ ಮಧ್ಯಾಹ್ನ ಒಂದು. ಅವಳ ಬಸ್ಸು ಆ ಬದಿ, ನನ್ನದು ಈ ಬದಿ. ಮಂಡ್ಯದ ಬಸ್ಸು ಮೊದಲು ಬಂತು. ಚೀಲ ಕೈಗೆ ಕೊಟ್ಟು ಹತ್ತಿಸಿ ನಾನು ರಸ್ತೆ ದಾಟುವಷ್ಟರಲ್ಲಿ ಅವಳು ಬಲಗಡೆ ಕಿಟಕಿಯಲ್ಲಿ ಕೂತಿದ್ದಳು. ಗಾಜು ಸರಿಸಿ, "ತಲಕಾಡಿಗೆ ಹೋಗೋ ಬಸ್ಸು ಮುಡುಕುತೊರೆ ಬೆಟ್ಟದ ಹತ್ರ ನಿಲ್ಲಿಸ್ತಾರಾ ಕೇಳಿಟ್ಟಿರೇ" ಎಂದು ಕೂಗಿದಳು. ಬಸ್ಸು ಹೊರಟಿತು.